ಹಿತ್ತಾಳೆಯ ಹತ್ತು ಅಂಕಿ

ಆ ಬೀದಿಯಲ್ಲಿ ಯಾರ ಮನೆಯ ಬಾಗಿಲ ಮೇಲೆ ಹಿತ್ತಾಳೆಯ ಸಂಖ್ಯೆ ಕಂಡರೂ ಅದು ನಂಬರಣ್ಣನ ಕೈಯಿಂದ ಹೊರಟದ್ದೇ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ತಗಡಿನ ಮೇಲೆ ಅಂಕಿ ಗೀಚಿ, ಸಣ್ಣ ಗರಗಸದಲ್ಲಿ ಕೊರೆದು, ಅಂಚನ್ನು ಅರದಿಂದ ಉಜ್ಜಿ, ತಿರುಪಿಗೆ ತೂತು ಹಾಕಿ, ಮುಖ ಕಾಣುವ ಹಾಗೆ ತಿಕ್ಕಿ ಕೊಡುವುದು ಅವನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಹುಟ್ಟಿನಿಂದ ಅಂಕಿಗಳ ನಡುವೆಯೇ ಬೆಳೆದರೂ ಲೆಕ್ಕಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಏಳೆಂಟ್ಲಿ ಎಷ್ಟು ಎಂದು ಕೇಳಿದರೆ ಬೆನ್ನ ಹಿಂದೆ ಬೆರಳು ಮಡಚುತ್ತಿದ್ದ. ಅವನ ಮಟ್ಟಿಗೆ ಒಂದು ಎಂದರೆ ಸಾಧು ಪ್ರಾಣಿ, ನಾಲ್ಕು ಎಂದರೆ ಮೂಲೆಮೂಲೆಗೂ ತಕರಾರು, ಆರು ಒಂಬತ್ತು ಅವಳಿ ಮಕ್ಕಳು. ಅವಕ್ಕೆ ಅಚ್ಚು ಒಂದೇ, ತಲೆ ಮೇಲೋ ಕೆಳಗೋ ಎನ್ನುವುದಷ್ಟೇ ಪ್ರಶ್ನೆ.

ನಲವತ್ತು ದಾಟುವವರೆಗೂ ಅವನಿಗೆ ಮದುವೆಯಾಗಿರಲಿಲ್ಲ. ಆಮೇಲೊಮ್ಮೆ ದವಡೆಹಲ್ಲು ನೋವೆಂದು ದಂತವೈದ್ಯರ ಬಳಿ ಹೋದ. ಅಲ್ಲಿ ಉಪಕರಣ ಎತ್ತಿಕೊಡುವ ಹೆಂಗಸು, "ಬಾಯಿ ತೆಗೀರಿ, ಕಣ್ಣು ಮುಚ್ಚಿ, ನಾನಿದ್ದೀನಿ," ಎಂದಳು. ಆ ಕೊನೆಯ ಮಾತನ್ನು ಅವಳು ಎಲ್ಲ ರೋಗಿಗಳಿಗೂ ಹೇಳುತ್ತಾಳೆಂದು ಅವನಿಗೆ ತಿಳಿದದ್ದು ಬಹಳ ತಡವಾಗಿ. ಅಷ್ಟು ಹೊತ್ತಿಗೆ ಅವನು ಮನಸ್ಸು ಕೊಟ್ಟಾಗಿತ್ತು. ಹಲ್ಲು ಕೀಳಿಸಿಕೊಳ್ಳಲು ಹೋದವನು ಹೆಂಡತಿಯನ್ನು ಕರೆದುಕೊಂಡು ಬಂದ ಎಂದು ಪಕ್ಕದ ಬೀಗದಂಗಡಿಯವನು ವರ್ಷವಿಡೀ ನಗಾಡಿದ.

ಹೆಂಡತಿಯ ಜೊತೆ ಅವಳ ಮಗಳೂ ಬಂದಳು. ಅವಳಿಗೆ ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಇದ್ದದ್ದೂ ಹಾಗೇ, ಗಾಳಿ ಬಂದರೆ ಹಾರಿಹೋಗುವ ಹಾಗೆ. ಮಾತೂ ಅಷ್ಟೇ, ಕಡ್ಡಿ ಮುರಿದ ಹಾಗೆ. ಹನ್ನೊಂದರ ಹುಡುಗಿ. ಅವಳ ಅಪ್ಪ ಭೂಮಿ ಅಳೆಯುವ ಸರ್ವೇಯರ್ ಆಗಿದ್ದವನು, ಮೂರು ವರ್ಷದ ಹಿಂದೆ ಎದೆನೋವೆಂದು ಕೂತವನು ಏಳಲಿಲ್ಲ.

ನಂಬರಣ್ಣನ ಕಾರ್ಖಾನೆ ಕೆಳಗೆ, ಮನೆ ಮೇಲೆ. ಮೆಟ್ಟಿಲು ಹತ್ತಬೇಕಾದರೆ ಅವನ ಕೆಲಸದ ಮೇಜನ್ನು ದಾಟಿಯೇ ಹೋಗಬೇಕು. ಕಡ್ಡಿ ಶಾಲೆಯಿಂದ ಬಂದವಳು ಚೀಲವನ್ನು ಎದೆಗೆ ಅವುಚಿಕೊಂಡು, ಅವನೂ ಒಂದು ಕೊರೆಯುವ ಯಂತ್ರವೇನೋ ಎನ್ನುವಂತೆ ಅವನನ್ನು ಸುತ್ತುಹಾಕಿ ಮೇಲೆ ಹೋಗಿಬಿಡುತ್ತಿದ್ದಳು. ಕೆಟ್ಟದಾಗಿ ಒಂದು ಮಾತಾಡಿದವಳಲ್ಲ. ಅವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ, ಕರೆಯುವುದನ್ನೇ ಬಿಟ್ಟಿದ್ದಳು. ತೀರಾ ಬೇಕಾದರೆ "ನೋಡಿ, ಅಮ್ಮ ಕರೀತಿದ್ದಾಳೆ," "ನೀವು ಊಟ ಮಾಡ್ಬೇಕಂತೆ." ಅಮ್ಮ ಅವನನ್ನು ಸಲೀಸಾಗಿ "ನೀನು" ಎನ್ನುವ ಮನೆಯಲ್ಲಿ ಈ ಹುಡುಗಿಯ "ನೀವು" ಮಾತ್ರ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

"ಚಿಕ್ಕಪ್ಪ ಅಂತಾದ್ರೂ ಅನ್ನು ಅಂದೆ," ಎಂದು ಹೆಂಡತಿ ಒಮ್ಮೆ ಹೇಳಿದಳು. "'ಅಪ್ಪನ ತಮ್ಮ ಅಲ್ವಲ್ಲ' ಅಂದ್ಲು."

"ಸರಿಯಾಗೇ ಹೇಳಿದ್ದಾಳೆ ಬಿಡು," ಎಂದು ಅವನು ಅರವನ್ನು ಕೈಗೆತ್ತಿಕೊಂಡ.

ಹೀಗಿರುವಾಗ ಒಂದು ಮಧ್ಯಾಹ್ನ ಅವನು ಅಂಗಡಿಯ ಗಾಜಿನ ಕಪಾಟಿಗೆಂದು ಮಾದರಿ ಅಂಕಿಗಳನ್ನು ತಿಕ್ಕಿ ತೊಳೆದು, ಒಣಗಲು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ದೊಡ್ಡದರಿಂದ ಚಿಕ್ಕದಕ್ಕೆ, ಒಂಬತ್ತು, ಎಂಟು, ಏಳು ಎಂದು ಇಳಿಯುತ್ತಾ ಸೊನ್ನೆಯವರೆಗೆ. ಕಡ್ಡಿ ಎಂದಿನಂತೆ ಸುತ್ತುಹಾಕಿ ಹೊರಟವಳು ಮೊದಲ ಮೆಟ್ಟಿಲ ಮೇಲೆ ನಿಂತಳು. ತಿರುಗಿ ಬಂದು ಆ ಸಾಲನ್ನು ನೋಡಿದಳು.

"ಏಳಕ್ಕೆ ಕೆಡುತ್ತೆ," ಎಂದಳು.

"ಏನು?"

"ಮಿಕ್ಕಿದ್ದೆಲ್ಲ ಸರಿ ಇದೆ. ಏಳಕ್ಕೆ ಮಾತ್ರ ಕೆಡುತ್ತೆ." ಅಷ್ಟು ಹೇಳಿ ದಡದಡ ಮೇಲೆ ಹೋದಳು.

ನಂಬರಣ್ಣ ಏಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅಂಚು ಸೊಟ್ಟಗಿರಲಿಲ್ಲ, ತೂತು ಸರಿಯಾಗಿತ್ತು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಸುಮ್ಮನೆ ಬಿಡುವ ಹಾಗಿರಲಿಲ್ಲ. ಸಂಜೆ ಹೆಂಡತಿಯನ್ನು ಕೇಳಿದ.

ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಅದು ಅವಳಪ್ಪ ಕೇಳಿದ ಒಗಟು. ಸೊನ್ನೆಯಿಂದ ಒಂಬತ್ತರ ತನಕ ಹತ್ತೂ ಅಂಕಿ, ಒಂದೊಂದೂ ಒಂದೇ ಸಲ ಬಳಸಿ ಒಂದು ಸಂಖ್ಯೆ ಮಾಡ್ಬೇಕು. ಅದರ ಮೊದಲ ಎರಡು ಅಂಕಿ ತಗೊಂಡ್ರೆ ಎರಡರಿಂದ ಭಾಗ ಹೋಗ್ಬೇಕು, ಮೊದಲ ಮೂರು ತಗೊಂಡ್ರೆ ಮೂರರಿಂದ, ನಾಲ್ಕು ತಗೊಂಡ್ರೆ ನಾಲ್ಕರಿಂದ. ಹೀಗೇ ಹತ್ತರ ತನಕ. ಎಲ್ಲೂ ಏನೂ ಉಳೀಬಾರ್ದು."

"ಅಂಥದ್ದು ಇದೆಯಾ?"

"ಇದೆ ಅಂತಿದ್ರು. ನೀನೇ ಹುಡುಕು, ಯಾರನ್ನೂ ಕೇಳ್ಬೇಡ ಅಂತ ಅವಳಿಗೆ ಹೇಳಿದ್ರು. ಆಮೇಲೆ ಒಂದು ತಿಂಗಳೂ ಇರ್ಲಿಲ್ಲ." ಅವಳು ಮತ್ತೆ ಬಟ್ಟೆಗೆ ಕೈ ಹಾಕಿದಳು. "ಇಳಿಯೋ ಸಾಲು ಇದೆಯಲ್ಲ, ಒಂಬತ್ತು ಎಂಟು ಏಳು ಅಂತ, ಅದು ಏಳನ್ನು ಬಿಟ್ಟು ಮಿಕ್ಕ ಎಲ್ಲಕ್ಕೂ ಸರಿ ಬರುತ್ತಂತೆ. ಅಪ್ಪ ಮಗಳು ಅದನ್ನ ನೋಡಿ ಬಿದ್ದು ಬಿದ್ದು ನಕ್ಕಿದ್ರು."

ಮರುದಿನ ನಂಬರಣ್ಣ ಕಪಾಟಿನಿಂದ ಅಂಕಿಗಳನ್ನು ತೆಗೆದು ಮೇಜಿನ ಮೇಲೆ ಬೇರೆ ಥರ ಜೋಡಿಸಿಟ್ಟ. ಕಡ್ಡಿ ಬಂದಳು, ನೋಡಿದಳು. "ಮೂರಕ್ಕೇ ಕೆಡ್ತು," ಎಂದಳು. ಅದರ ಮರುದಿನ, "ಎರಡಕ್ಕೇ ಕೆಡ್ತು. ಸ್ವಲ್ಪನಾದ್ರೂ ಯೋಚನೆ ಮಾಡಿ." ಆ "ಯೋಚನೆ ಮಾಡಿ"ಗೆ ಅವನು ಒಳಗೊಳಗೇ ಉಬ್ಬಿಹೋದ. ಬೈಯುವಷ್ಟು ಹತ್ತಿರ ಬಂದಳಲ್ಲ!

ಕೆಲವು ವಾರದಲ್ಲಿ ಅವಳು ಚೀಲ ಇಳಿಸಿ ಸ್ಟೂಲೆಳೆದುಕೊಂಡು ಕೂರತೊಡಗಿದಳು. ಹತ್ತನೆಯ ಜಾಗದಲ್ಲಿ ಸೊನ್ನೆಯೇ ಇರಬೇಕು, ಇಲ್ಲದಿದ್ದರೆ ಹತ್ತರಿಂದ ಭಾಗ ಹೋಗದು ಎಂದು ಹೇಳಿಕೊಟ್ಟಳು. ಐದನೆಯ ಜಾಗಕ್ಕೆ ಸೊನ್ನೆ ಇಲ್ಲವೇ ಐದು. ಸೊನ್ನೆಗೆ ಕೆಲಸ ಸಿಕ್ಕಾಗಿದೆ, ಆದ್ದರಿಂದ ಐದು. ಎರಡು, ನಾಲ್ಕು, ಆರು, ಎಂಟನೆಯ ಜಾಗಗಳಲ್ಲಿ ಸಮ ಅಂಕಿಗಳು, ಮಿಕ್ಕ ಕಡೆ ಬೆಸ. ಅವನು ಪ್ರತಿಯಾಗಿ ಅವಳಿಗೆ ಅರ ಹಿಡಿಯುವುದನ್ನು ಕಲಿಸಿದ. "ಒತ್ಬೇಡ, ಅದರ ಪಾಡಿಗೆ ಅದು ಕಚ್ಕೊಳ್ಳುತ್ತೆ," ಎಂದ. ಅವಳ ಉಗುರಿನ ಸಂದಿಯಲ್ಲಿ ಹಿತ್ತಾಳೆ ಪುಡಿ ಮಿನುಗುವುದನ್ನು ನೋಡಿ ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಜಾಸ್ತಿ ಬಡಿಸಿದಳು.

ಒಂದು ಬೆಳಿಗ್ಗೆ, ಕಡ್ಡಿ ಶಾಲೆಗೆ ಹೋಗಿದ್ದಾಗ, ಗಿರಾಕಿಯೊಬ್ಬರು ಬಂದರು. ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರಮ್ಮ. ಹೊಸ ಮನೆಯ ಬಾಗಿಲಿಗೆ ಸಂಖ್ಯೆ ಮಾಡಿಸಬೇಕಿತ್ತು. ಮೇಜಿನ ಮೇಲೆ ಕೊನೆಗೆ ಸೊನ್ನೆ, ನಡುವೆ ಐದು ಇಟ್ಟು ಮಿಕ್ಕವು ಚೆಲ್ಲಾಪಿಲ್ಲಿಯಾಗಿದ್ದ ಅಂಕಿಗಳನ್ನು ಕಂಡದ್ದೇ ಅವರ ಮುಖ ಅರಳಿತು.

"ಓಹೋ, ಇದಾ! ಎಷ್ಟು ವರ್ಷ ಆಯ್ತು ಇದನ್ನ ನೋಡಿ!"

"ಬೇಡ ಮೇಡಂ, ಅದನ್ನ..." ಎಂದು ಅವನು ಕೈ ಚಾಚುವಷ್ಟರಲ್ಲಿ ಅವರ ಬೆರಳುಗಳು ಚಕಚಕನೆ ಆಡಿಬಿಟ್ಟವು. ಹಿತ್ತಾಳೆಯ ಸಾಲು ಮೇಜಿನ ಉದ್ದಕ್ಕೂ ಹೊಳೆಯಿತು: 3816547290.

"ಮುನ್ನೂರ ಎಂಬತ್ತೊಂದು ಕೋಟಿ, ಅರವತ್ತೈದು ಲಕ್ಷ, ನಲವತ್ತೇಳು ಸಾವಿರದ ಇನ್ನೂರ ತೊಂಬತ್ತು," ಎಂದು ಅವರು ಹಾಡಿನ ಹಾಗೆ ಓದಿದರು. "ಹತ್ತಂಕಿ ಹೇಗೇ ಜೋಡಿಸಿ, ಕೆಲಸಕ್ಕೆ ಬರೋದು ಇದೊಂದೇ. ಮುದ್ದಾಗಿದೆ ಅಲ್ವಾ?"

ಅವರು ಅತ್ತ ಹೋದದ್ದೇ ತಡ, ಅವನು ಹಾಲು ಉಕ್ಕಿತೇನೋ ಎನ್ನುವಂತೆ ಓಡಿಬಂದು ಸಾಲನ್ನು ಕದಡಿಬಿಟ್ಟ. ಆದರೆ ಅಂಕಿ ಕೊರೆಯುವವನ ಕಣ್ಣು ಅದು. ಒಮ್ಮೆ ಕಂಡ ಸಾಲು ಅಳಿಯೆಂದರೆ ಅಳಿಯುತ್ತದೆಯೇ? ಊಟಕ್ಕೆ ಕೂತರೆ ತಟ್ಟೆಯಲ್ಲಿ ಅದೇ, ಮಲಗಿದರೆ ಸೂರಿನಲ್ಲಿ ಅದೇ.

ಹೆಂಡತಿಗೆ ಹೇಳಿದ. ಅವಳು, "ಹೊಟ್ಟೇಲೇ ಇಟ್ಕೋ," ಎಂದಳು. "ಅವಳು ಯಾರ ಹತ್ರನೂ ಕೇಳ್ಬಾರ್ದು ಅಂತ ಎಷ್ಟು ಹಟದಲ್ಲಿದ್ದಾಳೆ ಅಂತ ನಿನಗೇ ಗೊತ್ತು."

ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಸಂಜೆ ಕಡ್ಡಿ ಪಕ್ಕದಲ್ಲಿ ಕೂತು, "ಮೊದಲನೇದಕ್ಕೆ ಏನಿಡೋಣ?" ಎಂದರೆ ಅವನ ಕೈ ಮೂರರತ್ತ ಹೋಗಿ, ಬೆಂಕಿ ಮುಟ್ಟಿದಂತೆ ಹಿಂದೆ ಬಂದು, ಒಂಬತ್ತನ್ನು ಎತ್ತುತ್ತಿತ್ತು. ಬೇಕೆಂದೇ ತಪ್ಪು ಮಾಡುವುದೂ ಒಂದು ವಿದ್ಯೆ. ಅವನಿಗೆ ಅದು ಬರುತ್ತಿರಲಿಲ್ಲ. ಒಂದು ದಿನ ಏನೋ ಮಾತಾಡುತ್ತಾ ಮೈಮರೆತು, ಮೂರು ಇಟ್ಟ, ಪಕ್ಕದಲ್ಲಿ ಎಂಟು ಇಟ್ಟ. ಒಂದರ ಅಂಕಿ ಎತ್ತಿಕೊಂಡವನು ಅದನ್ನು ಇಡದೆ, ಕಿಸೆಯಲ್ಲಿ ಹಾಕಿಕೊಂಡು ಕೆಮ್ಮಿದ.

ಕಡ್ಡಿ ಸ್ಟೂಲಿನಿಂದ ಎದ್ದು ನಿಂತಳು. ಮುಖ ಕೆಂಪಾಗಿತ್ತು.

"ನಿನಗೆ ಗೊತ್ತು!"

"ಏನು ಗೊತ್ತು?"

"ಉತ್ತರ! ಏಳೆಂಟ್ಲಿ ಎಷ್ಟು ಅಂದ್ರೆ ಬೆರಳು ಮಡಚ್ತೀಯ ನೀನು! ಮೂರರ ಪಕ್ಕ ಎಂಟೇ ಬೇಕು ಅಂತ ಹೇಗೆ ಗೊತ್ತಾಯ್ತು? ಒಂದನ್ನ ಯಾಕೆ ಜೇಬಲ್ಲಿ ಬಚ್ಚಿಟ್ಕೊಂಡೆ?"

ಅವಳು ಬೈಯುತ್ತಲೇ ಇದ್ದಳು. ಅವನಿಗೆ ತಪ್ಪು ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ನೀನು, ಮಡಚ್ತೀಯ, ಬಚ್ಚಿಟ್ಕೊಂಡೆ, ಎಂದು ಒಂದೊಂದೇ ಮಾತು ಕಿವಿಗೆ ಬಿದ್ದಂತೆಲ್ಲ ಎದೆಯಲ್ಲಿ ಏನೋ ಕರಗುತ್ತಿತ್ತು. ಅವಳಿಗೆ ತಾನು ಏನೆನ್ನುತ್ತಿದ್ದೇನೆ ಎಂಬ ಪರಿವೆಯೇ ಇರಲಿಲ್ಲ.

"ನಾನು ಕೇಳ್ಲಿಲ್ಲ ಮಗಾ," ಎಂದ ಅವನು. "ಗಿರಾಕಿ ಒಬ್ರು ಬಂದು ಜೋಡಿಸಿಬಿಟ್ರು. ಬೇಡ ಅನ್ನೋಷ್ಟರಲ್ಲಿ ಮುಗಿದುಹೋಗಿತ್ತು."

"ಮತ್ತೆ ಗೊತ್ತಿಲ್ಲದ ಹಾಗೆ ಯಾಕೆ ಆಡ್ತಿದ್ದೆ?"

ಅವನು ಕಿಸೆಯಿಂದ ಒಂದನ್ನು ತೆಗೆದು ಅಂಗೈಯಲ್ಲಿ ಹೊರಳಿಸಿದ. "ಗೊತ್ತಾಗಿಬಿಟ್ರೆ ಆಟ ಮುಗಿಯುತ್ತೆ. ಆಟ ಮುಗಿದ್ರೆ ನೀನು ಮೊದಲಿನ ಹಾಗೆ ಸೀದಾ ಮೇಲೆ ಹೋಗಿಬಿಡ್ತೀಯ. ಅದಕ್ಕೇ."

ಕಡ್ಡಿ ಚೀಲವನ್ನೂ ಬಿಟ್ಟು ಮೇಲೆ ಹೋದಳು. ಬಾಗಿಲು ದಡ್ಡೆಂದಿತು.

ಮಾರನೆಯ ದಿನ ರಜೆ. ನಂಬರಣ್ಣ ಕೆಳಗೆ ಹೋಗಿ, ಕೆಲಸವಿಲ್ಲದಿದ್ದರೂ ಮೇಜು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಮೆಟ್ಟಿಲ ಮೇಲೆ ಸಣ್ಣ ಹೆಜ್ಜೆ ಕೇಳಿಸಿತು. ಕಡ್ಡಿ ಬಂದು ಸ್ಟೂಲಿನ ಮೇಲೆ ಕೂತಳು. ಅವನ ಮುಖ ನೋಡದೆ, ಅಂಕಿಗಳನ್ನು ಒಂದೊಂದಾಗಿ ಹತ್ತಿರಕ್ಕೆ ಎಳೆದುಕೊಂಡಳು.

"ನನಗೂ ಗೊತ್ತು," ಎಂದಳು.

"ಏನು?"

"ಉತ್ತರ. ಹೋದ ವರ್ಷವೇ ಸಿಕ್ಕಿತ್ತು. ನಿನ್ನ ಮದುವೆಗೆ ಮುಂಚೆ."

ಅವನು ಬಟ್ಟೆ ಕೆಳಗಿಟ್ಟ. ನಿನ್ನೆ ತನ್ನ ಕೈಯ ಕಳ್ಳತನವನ್ನು ಅವಳು ಅಷ್ಟು ಬೇಗ ಹೇಗೆ ಹಿಡಿದಳೆಂದು ಅವನಿಗೆ ಈಗ ಹೊಳೆಯಿತು. ಅವಳ ಕೈಯೂ ಅದೇ ಅಂಕಿಗಳನ್ನು ತಪ್ಪಿಸಿಕೊಂಡು ಓಡಾಡುತ್ತಿತ್ತಲ್ಲವೇ?

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಕೇಳಿದ್ದು ಅಪ್ಪ." ಅವಳು ಐದನ್ನು ಎತ್ತಿ ನಡುವೆ ಇಟ್ಟಳು, ಮತ್ತೆ ತೆಗೆದಳು. "ಹೇಳದೆ ಇದ್ರೆ ಅವನು ಇನ್ನೂ ಕೇಳ್ತಾನೇ ಇದ್ದಾನೆ ಅನ್ಸುತ್ತೆ. 'ಎಲ್ಲಿಗೆ ಬಂತೇ ಕಡ್ಡಿ, ಎಲ್ಲಿಗೆ ಬಂತು' ಅಂತ."

ಬುದ್ಧಿಮಾತು ನಂಬರಣ್ಣನಿಗೆ ಬರುತ್ತಿರಲಿಲ್ಲ, ಬಂದಿದ್ದರೂ ಆಡುತ್ತಿರಲಿಲ್ಲ. "ನನಗೆ ಹೇಳ್ತೀಯಾ?" ಎಂದ.

"ನಿನಗೆ ಗೊತ್ತಲ್ಲ."

"ನನಗೆ ಸಂಖ್ಯೆ ಗೊತ್ತು, ಅಷ್ಟೇ. ಅದೊಂದೇ ಯಾಕೆ, ಬೇರೆ ಯಾಕೆ ಬರಲ್ಲ ಅನ್ನೋದು ಗೊತ್ತಿಲ್ಲ. ದೇವರಾಣೆ."

ಅದನ್ನು ಅವಳು ನಂಬಿದಳು. ಮೂಗೆಳೆದುಕೊಂಡು ಶುರುಮಾಡಿದಳು. ನಾಲ್ಕನೆಯ ಮತ್ತು ಎಂಟನೆಯ ಜಾಗಕ್ಕೆ ಎರಡು, ಆರು ಮಾತ್ರ ಹೊಂದುತ್ತವೆ. ಹಿಂದೆ ಬೆಸ ಅಂಕಿ ಇರುವುದರಿಂದ ನಾಲ್ಕೋ ಎಂಟೋ ಇಟ್ಟರೆ ನಾಲ್ಕರಿಂದ ಭಾಗ ಹೋಗದು. ಆಗ ನಾಲ್ಕಕ್ಕೂ ಎಂಟಕ್ಕೂ ಉಳಿಯುವುದು ಎರಡನೆಯ ಮತ್ತು ಆರನೆಯ ಜಾಗ. ಮೊದಲ ಮೂರು ಅಂಕಿ ಕೂಡಿಸಿದರೆ ಮೂರರ ಮಗ್ಗಿಯಲ್ಲಿ ಬರಬೇಕು, ಮುಂದಿನ ಮೂರೂ ಹಾಗೇ. ಹಾಗಾಗಿ ನಡುವೆ ಎರಡು-ಐದು-ಎಂಟು, ಇಲ್ಲವೇ ಆರು-ಐದು-ನಾಲ್ಕು. ಹೇಳುತ್ತಾ ಹೇಳುತ್ತಾ ಅವಳ ಸ್ವರ ಬಿಸಿಯೇರಿತು. ಅವನು ನಡುನಡುವೆ "ನಿಲ್ಲು, ನಿಲ್ಲು, ಇದು ತಲೆಗೆ ಹೋಗ್ಲಿಲ್ಲ," ಎನ್ನುತ್ತಿದ್ದ. ಅವಳು "ಅಯ್ಯೋ ದೇವರೇ," ಎಂದು ಹಣೆ ಚಚ್ಚಿಕೊಂಡು ಮತ್ತೆ ಹೇಳುತ್ತಿದ್ದಳು.

"ಎಂಟರ ಭಾಗಾಕಾರನೂ ಆದ್ಮೇಲೆ ಹತ್ತು ಸಂಖ್ಯೆ ಮಾತ್ರ ಉಳಿಯುತ್ತೆ," ಎಂದಳು ಕೊನೆಗೆ. "ಅದರಲ್ಲಿ ಇಳಿಯೋ ಸಾಲೂ ಒಂದು. ಈಗ ಒಂದೊಂದರ ಮೊದಲ ಏಳು ಅಂಕೀನ ಏಳರಿಂದ ಭಾಗಿಸು."

"ನಾನಾ?"

"ನೀನೇ."

ಅವನು ಸೀಸದಕಡ್ಡಿ ತೆಗೆದುಕೊಂಡು, ತಗಡಿಗೆ ಸುತ್ತಿ ಬಂದಿದ್ದ ಕಾಗದದ ಮೇಲೆ ಭಾಗಿಸಿದ. ನಾಚಿಕೆ ಬಿಟ್ಟು, ಎಲ್ಲರೂ ಕಾಣುವಂತೆ ಬೆರಳು ಮಡಚಿದ. ಒಂದು ಕೆಟ್ಟಿತು, ಆರು ಉಳಿಯಿತು. ಇನ್ನೊಂದು ಕೆಟ್ಟಿತು, ಎರಡು ಉಳಿಯಿತು. ಅಮ್ಮ ಯಾವಾಗಲೋ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಹೀಗೇ ಒಂದೊಂದೂ ಏಳಕ್ಕೆ ಬಂದು ಮುಗ್ಗರಿಸಿ, ಕೊನೆಗೆ ಮೂವತ್ತೆಂಟು ಲಕ್ಷ ಹದಿನಾರು ಸಾವಿರದ ಐನೂರ ನಲವತ್ತೇಳನ್ನು ಅವನು ಭಾಗಿಸತೊಡಗಿದ. ಮೂವತ್ತೆಂಟರಲ್ಲಿ ಐದು ಸಲ, ಮೂವತ್ತೊಂದರಲ್ಲಿ ನಾಲ್ಕು ಸಲ... ಕಡೆಗೆ ಏಳು ಒಂದ್ಲಿ ಏಳು. ಕೆಳಗೆ ಸೊನ್ನೆ.

"ಬಂತು!" ಎಂದು ಅವನು ಕೂಗಿಬಿಟ್ಟ. ನಿಜಕ್ಕೂ ಅವನಿಗೆ ಆಶ್ಚರ್ಯವಾಗಿತ್ತು. ಅಂಕಿಗಳನ್ನು ಕೊರೆಯುತ್ತಲೇ ಅರ್ಧ ಆಯುಸ್ಸು ಕಳೆದಿದ್ದ; ಅವುಗಳಲ್ಲಿ ಇಂಥ ಒಪ್ಪಂದವಿದೆಯೆಂದು ಒಬ್ಬರೂ ಅವನಿಗೆ ಹೇಳಿರಲಿಲ್ಲ.

ಕಡ್ಡಿ "ಬಂತು" ಎನ್ನಲು ಹೋದಳು. ಅಪ್ಪ ಹೋದಾಗಲೂ ಎಲ್ಲರೆದುರು ಅಳದಿದ್ದ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕತೊಡಗಿದಳು. ಅಮ್ಮ ಇಳಿದು ಬರುವಷ್ಟರಲ್ಲಿ ನಂಬರಣ್ಣ ಅವಳ ಬೆನ್ನ ಮೇಲೆ ಕೈಯಿಟ್ಟಿದ್ದ. ಸಮಾಧಾನ ಮಾಡಲಿಲ್ಲ. ಹಿತ್ತಾಳೆ ವಾಸನೆಯ ಆ ಒರಟು ಕೈ ಅಲ್ಲಿಯೇ ಇತ್ತು, ಅವಳಾಗಿ ತಲೆಯೆತ್ತುವವರೆಗೆ.

"ಅವರಿಗೆ ಖುಷಿಯಾಗ್ತಿತ್ತು," ಎಂದಳು ಅಮ್ಮ, ಮಗಳ ಕೂದಲನ್ನು ಹಿಂದಕ್ಕೆ ಸರಿಸುತ್ತಾ. "ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ರು."

"ಅಳತೆ ಸರಪಳಿ ಹಿಡ್ಕೊಂಡೇ ಓಡ್ತಿದ್ದ," ಎಂದು ಕಡ್ಡಿ ಅಳುವಿನ ನಡುವೆಯೇ ನಕ್ಕಳು. ಅಮ್ಮನಿಗೂ ನಗು ಬಂತು, ಕಣ್ಣೊರೆಸಿಕೊಂಡಳು. ಸತ್ತವನ ಮಾತು ಆ ಮನೆಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಅದೇ ಮೊದಲು. ಅವನು ಹೇಗೆ ನಡೆಯುತ್ತಿದ್ದ, ಹೇಗೆ ಸೀನುತ್ತಿದ್ದ ಎಂದು ನಂಬರಣ್ಣ ಕೇಳಿದ, ಅವರಿಬ್ಬರೂ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಂದು ಹೇಳಿದರು.

ಅದಾಗಿ ಸ್ವಲ್ಪ ದಿನ ಅಂಕಿಗಳು ಕಪಾಟಿನಲ್ಲೇ ಇದ್ದವು. ಕಡ್ಡಿ ಮಾತ್ರ ಸೀದಾ ಮೇಲೆ ಹೋಗಲಿಲ್ಲ; ಸ್ಟೂಲಿನ ಮೇಲೆ ಕೂತು ಶಾಲೆಯ ಕೆಲಸ ಮಾಡಿದಳು, ಬೇಸರ ಬಂದರೆ ಅರ ಹಿಡಿದಳು. ಒಂದು ಸಂಜೆ ಪೆನ್ನಿನ ತುದಿ ಕಚ್ಚುತ್ತಾ, "ಅಂಕಿ ಮತ್ತೆ ಮತ್ತೆ ಬರಬಹುದು ಅಂದ್ರೆ?" ಎಂದಳು.

"ಅಂದ್ರೆ?"

"ಒಂದೇ ಸಲ ಬಳಸ್ಬೇಕು ಅನ್ನೋದನ್ನ ತೆಗೆದುಬಿಡೋಣ. ಆಗ ಹತ್ತಕ್ಕೆ ನಿಲ್ಲಬೇಕಾಗಿಲ್ಲ. ಹನ್ನೊಂದು ಅಂಕಿ ಹನ್ನೊಂದರಿಂದ, ಹನ್ನೆರಡು ಹನ್ನೆರಡರಿಂದ. ಎಲ್ಲಿ ತನಕ ಹೋಗಬಹುದು? ಎಲ್ಲಾದ್ರೂ ನಿಲ್ಲುತ್ತಾ, ಹೋಗ್ತಾನೇ ಇರುತ್ತಾ?" ಪೆನ್ನು ಕೆಳಗಿಟ್ಟಳು. "ಇದು ಅಪ್ಪ ಕೇಳಿದ್ದಲ್ಲ. ನಾನು ಕೇಳ್ತಿರೋದು."

"ಯಾರನ್ನ ಕೇಳ್ತಿದ್ದೀಯ?"

"ನಿನ್ನನ್ನ."

ಹಾಗೆ ಅದು ಶುರುವಾಯಿತು. ಬೀಗದಂಗಡಿಯವನು ಈ ಮನೆಯವರಿಗೆ ತಲೆ ಕೆಟ್ಟಿದೆ ಎಂದ. ತಲೆ ಕೆಡುವ ಕೆಲಸವೇ ಅದು. ಒಂದು ದಾರಿ ಹನ್ನೆರಡಕ್ಕೆ ಮುಚ್ಚಿಕೊಂಡರೆ ಇನ್ನೊಂದು ಹದಿನಾರಕ್ಕೆ. ಕಡ್ಡಿ ದಾರಿ ತೋರಿಸಿದಳು, ನಂಬರಣ್ಣ ಭಾಗಿಸಿದ, ಅಮ್ಮ ಇಬ್ಬರ ತಪ್ಪನ್ನೂ ಹುಡುಕಿದಳು. ಹಲ್ಲಿನ ಸಂದಿಯ ಹುಳುಕು ನೋಡಿ ಪಳಗಿದ ಕಣ್ಣು ಅವಳದು. ಮೇಷ್ಟ್ರಮ್ಮ ಮತ್ತೊಮ್ಮೆ ಬಂದಾಗ ಕಾಗದಗಳ ರಾಶಿ ನೋಡಿ, "ಇದಕ್ಕೂ ಒಂದು ಕೊನೆ ಇದೆ. ಎಲ್ಲಿ ಅಂತ ಹೇಳ್ಲಾ?" ಎಂದರು.

"ಬೇಡ!" ಎಂದು ಅಪ್ಪ ಮಗಳು ಒಟ್ಟಿಗೆ ಕಿರುಚಿದ ಜೋರಿಗೆ ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಕೊನೆ ಸಿಗುವ ಹೊತ್ತಿಗೆ ಎರಡು ದೊಡ್ಡ ರಜೆ ಕಳೆದಿದ್ದವು. ಕಡ್ಡಿ ಅಷ್ಟೊತ್ತಿಗೆ ಅಮ್ಮನ ಭುಜಕ್ಕೆ ಬಂದಿದ್ದಳು. ಸಿಕ್ಕಿದ್ದು ಇಪ್ಪತ್ತೈದು ಅಂಕಿಯ ಒಂದು ಸಂಖ್ಯೆ: 3608528850368400786036725. ಎರಡರಿಂದ ಹಿಡಿದು ಇಪ್ಪತ್ತೈದರವರೆಗೆ ಎಲ್ಲೂ ಕೆಡದೆ ಬಂದದ್ದು ಅದೊಂದೇ. ಅದರ ಬೆನ್ನಿಗೆ ಯಾವ ಅಂಕಿ ಇಟ್ಟರೂ ಇಪ್ಪತ್ತಾರಕ್ಕೆ ಕೆಡುತ್ತಿತ್ತು. ಹತ್ತನ್ನೂ ಇಟ್ಟು ನೋಡಿದರು, ಇನ್ನೊಮ್ಮೆ ನೋಡಿದರು, ಅಮ್ಮನೂ ನೋಡಿದಳು.

"ಇಷ್ಟೇ," ಎಂದಳು ಕಡ್ಡಿ, ಮೈಮುರಿಯುತ್ತಾ. "ಹಸಿವಾಗ್ತಿದೆ."

"ನಿಲ್ಲು, ಇದನ್ನ ಜೋಡಿಸಿ ನೋಡ್ಬೇಕು," ಎಂದು ನಂಬರಣ್ಣ ಕಪಾಟು, ಡಬ್ಬಿ, ಗಿರಾಕಿಗಳಿಗೆಂದು ಕಟ್ಟಿಟ್ಟ ಪೊಟ್ಟಣ ಎಲ್ಲವನ್ನೂ ಕೆದಕಿದ. ಒಂದರ ಅಂಕಿಯಾಗಲಿ ಒಂಬತ್ತರದಾಗಲಿ ಬೇಕಾಗಲಿಲ್ಲ. ಸೊನ್ನೆ ಮಾತ್ರ ಐದು, ಎಂಟೂ ಐದು. ಸಾಲು ಮೇಜಿನಲ್ಲಿ ಹಿಡಿಸದೆ ಕಿಟಕಿಯ ಹಲಗೆಗೆ ತಿರುಗಿತು. ಸಂಜೆಯ ಬಿಸಿಲು ಬಿದ್ದು ಇಡೀ ಗೋಡೆ ಹಳದಿಯಾಯಿತು. ಮೂವರೂ ಅದರ ಮುಂದೆ ನಿಂತು ಬ್ರೆಡ್ಡು ತಿಂದರು.

ಮರುದಿನ ಬೆಳಿಗ್ಗೆ ಗಿರಾಕಿಯೊಬ್ಬ ತನ್ನ ಎಂಟನೇ ನಂಬರಿನ ಮನೆಗೆ ಅಂಕಿ ಒಯ್ಯಲು ಬಂದ. ನಂಬರಣ್ಣ ಮೇಜಿನತ್ತ ನೋಡಿದ, ಸ್ಟೂಲಿನ ಮೇಲೆ ಕೂತು ಕಣ್ಣಲ್ಲೇ ಹೆದರಿಸುತ್ತಿದ್ದ ಮಗಳತ್ತ ನೋಡಿದ.

"ಎಂಟು ಖಾಲಿ ಸ್ವಾಮಿ," ಎಂದ. "ಮುಂದಿನ ವಾರ ಬನ್ನಿ."